ಆಫೀಸು ಬಿಟ್ಟ ಪೆಟ್ಟಿಗೆಯಲ್ಲಿ ಮಾರಿಯೊ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡ ಎಷ್ಟೋ ಜನ ಅದನ್ನು ಗಮನಿಸಲೂ ಇಲ್ಲ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ಐಟಿ ವಿಭಾಗದವರಿಗೆ ಮಾತ್ರ ಅದು ತಲೆಯ ಮೇಲೆ ತೂಗುತ್ತಿದ್ದ ಗಡುವು. ಒಂದೆರಡು ಅಪವಾದ ಬಿಟ್ಟರೆ ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹಾಗಾಗಿ 6 ಮತ್ತು 7ನೇ ತಲೆಮಾರಿನ ಕಂಪ್ಯೂಟರ್‌ಗಳು ಮೈಯಲ್ಲಿ ಯಾವ ಕಾಯಿಲೆಯೂ ಇಲ್ಲದೆ ನಿವೃತ್ತಿಯಾಗುತ್ತಿವೆ.

ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್: ಆಫೀಸಿನಲ್ಲಿ ಕೂತು ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಹೆಸರುಗಳು ಇವು. ದತ್ತಾಂಶ ಸೋರದಿರಲಿ ಎಂದು ಕಂಪನಿಯವರು ಒಳಗಿನ ಡಿಸ್ಕನ್ನು ಮೊದಲೇ ಕಿತ್ತುಕೊಳ್ಳುತ್ತಾರೆ. ಉಳಿದದ್ದು ಲಾಟ್ ಲೆಕ್ಕದಲ್ಲಿ ಹೊರಡುತ್ತದೆ. ತೀರಾ ಹಾಳಾದವು ಇ-ತ್ಯಾಜ್ಯ ಘಟಕಗಳಿಗೆ ಹೋಗುತ್ತವೆ. ಪೀಣ್ಯ ಕೈಗಾರಿಕಾ ಪ್ರದೇಶ ದಾಟಿ ತುಮಕೂರು ರಸ್ತೆಯಲ್ಲಿ ಸಿಗುವ ದಾಬಸ್‌ಪೇಟೆಯಲ್ಲಿ 2005ರಿಂದ ಇಂಥ ಕೆಲಸ ಮಾಡುತ್ತಿರುವ ಇ-ಪರಿಸರ ಸಂಸ್ಥೆ ದೇಶದಲ್ಲೇ ಮೊದಲ ಸಾಲಿನದು. ಚೆನ್ನಾಗಿರುವ ಪೆಟ್ಟಿಗೆಗಳು ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳ ಕೈ ದಾಟಿ ಎಸ್.ಪಿ. ರಸ್ತೆಯ ಮಳಿಗೆಗಳಲ್ಲಿ, ಬಡಾವಣೆಗಳ ಚಿಕ್ಕ ಅಂಗಡಿಗಳಲ್ಲಿ ಒಂದರ ಮೇಲೊಂದು ಕೂರುತ್ತವೆ.

ಬಾಲ್ಯದ ವಿಡಿಯೊ ಗೇಮ್‌ಗಳನ್ನು ಮತ್ತೆ ಆಡಬೇಕೆಂಬ ಆಸೆ ಇರುವವರು ಹೊಸ ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಆ ರಾಶಿಯತ್ತ ಒಮ್ಮೆ ನೋಡಬೇಕು. ಹಳೆಯ ಆಟಗಳನ್ನು ಆಡಿಸಲು ದುಬಾರಿ ‘ಗೇಮಿಂಗ್ ಪಿಸಿ’ ಬೇಕು ಎನ್ನುವುದು ಅಂಗಡಿಯವರಿಗೆ ಅನುಕೂಲವಾದ ನಂಬಿಕೆ. ಬೇಕಾಗಿರುವುದು ಯಾವ ಆಟ ಎಂಬ ಸ್ಪಷ್ಟ ಉತ್ತರ. ಅದು ಸಿಕ್ಕರೆ ಯಂತ್ರ ತಾನಾಗಿ ತೀರ್ಮಾನವಾಗುತ್ತದೆ, ಉಳಿದ ದುಡ್ಡು ಕಂಟ್ರೋಲರಿಗೆ ಹೋಗುತ್ತದೆ.

ಯಾವ ಆಟ?

ನಿಂಟೆಂಡೊದ ಫ್ಯಾಮಿಕಾಮ್ 1983ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂತು. ನಮ್ಮ ಊರುಗಳಲ್ಲಿ ತೊಂಬತ್ತರ ದಶಕದಲ್ಲಿ ಮನೆ ಹೊಕ್ಕದ್ದು ಬಹುಪಾಲು ಅದರ ತದ್ರೂಪುಗಳು: ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್. ಹಳದಿ ಕ್ಯಾಸೆಟ್ಟಿನ ಮೇಲೆ ‘9999 ಇನ್ 1’ ಎಂದು ಬರೆದಿರುತ್ತಿತ್ತು, ಒಳಗೆ ಕಾಂಟ್ರಾ, ಮಾರಿಯೊ, ರೋಡ್ ಫೈಟರ್, ಸರ್ಕಸ್ ಚಾರ್ಲಿ ಹೀಗೆ ಹತ್ತಾರು ಆಟಗಳೇ ಬೇರೆ ಬೇರೆ ಹೆಸರಲ್ಲಿ ಸುತ್ತುತ್ತಿದ್ದವು. ಸೆಗಾ ಯಂತ್ರಗಳನ್ನು ಆ ದಶಕದಲ್ಲಿ ಇಲ್ಲಿ ತಂದು ಮಾರಿದ್ದು ಮದ್ಯದ ವ್ಯಾಪಾರಕ್ಕೆ ಹೆಸರಾಗಿದ್ದ ಶಾ ವ್ಯಾಲೇಸ್ ಕಂಪನಿ, ಈಗಿನವರು ನಂಬಲಿಕ್ಕಿಲ್ಲ. ಆಮೇಲೆ ಬಂದವರದು ಪ್ಲೇಸ್ಟೇಷನ್ ಕಾಲ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಟೆಕ್ಕನ್ 3, ನಂತರ ಪ್ಲೇಸ್ಟೇಷನ್ 2ರಲ್ಲಿ ಗಾಡ್ ಆಫ್ ವಾರ್, ಸ್ಯಾನ್ ಆಂಡ್ರಿಯಾಸ್, ಡಬ್ಲ್ಯುಡಬ್ಲ್ಯುಇ ಕುಸ್ತಿ.

ಈ ಎರಡು ತಲೆಮಾರಿನ ನಡುವೆ ಯಂತ್ರದ ಆಯ್ಕೆಯಲ್ಲಿ ದೊಡ್ಡ ಅಂತರವಿದೆ. ಕಾರಣ ತಿಳಿಯಲು ಎಮ್ಯುಲೇಟರ್ ಮಾಡುವ ಕೆಲಸವೇನೆಂದು ಸ್ವಲ್ಪ ನೋಡಬೇಕು. ಕನ್ಸೋಲ್ ಒಳಗೆ ಲೆಕ್ಕ ಮಾಡುವ ಚಿಪ್, ಚಿತ್ರ ಬಿಡಿಸುವ ಚಿಪ್, ಶಬ್ದ ಹೊರಡಿಸುವ ಭಾಗ ಎಲ್ಲವೂ ಒಂದೇ ಗಡಿಯಾರಕ್ಕೆ ಹೆಜ್ಜೆ ಹಾಕುತ್ತ ಒಟ್ಟಿಗೆ ಓಡುತ್ತವೆ. ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ಅಷ್ಟನ್ನೂ ಒಬ್ಬಂಟಿಯಾಗಿ ನಟಿಸಬೇಕು. ಯಕ್ಷಗಾನದಲ್ಲಿ ಒಬ್ಬನೇ ಭಾಗವತಿಕೆ ಹಾಡಿ, ಚೆಂಡೆ ಮದ್ದಳೆ ಬಾರಿಸಿ, ವೇಷ ಕಟ್ಟಿ ಕುಣಿದು, ಎಲ್ಲೂ ತಾಳ ತಪ್ಪದಂತೆ ನೋಡಿಕೊಳ್ಳಬೇಕಾದ ಪಾಡು ಅದು. ಕ್ಷಣಕ್ಷಣಕ್ಕೂ ಒಂದು ಪಾತ್ರದಿಂದ ಇನ್ನೊಂದಕ್ಕೆ ಜಿಗಿಯುವುದರಲ್ಲೇ ಶಕ್ತಿಯೆಲ್ಲ ವ್ಯಯವಾಗುತ್ತದೆ.

ಆದ್ದರಿಂದಲೇ ಮೂಲ ಯಂತ್ರದ ವೇಗಕ್ಕೂ ಅದನ್ನು ಅನುಕರಿಸಲು ಬೇಕಾದ ವೇಗಕ್ಕೂ ಸಂಬಂಧವೇ ಇಲ್ಲವೇನೋ ಅನ್ನಿಸುತ್ತದೆ. ಫ್ಯಾಮಿಕಾಮ್‌ನ ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಸ್, ಕೆಲಸದ ಮೆಮೊರಿ 2 ಕಿಲೋಬೈಟ್. ಅದರ ತಮ್ಮ ಸೂಪರ್ ನಿಂಟೆಂಡೊದ ಗರಿಷ್ಠ ವೇಗ 3.58 ಮೆಗಾಹರ್ಟ್ಸ್. ಇಷ್ಟು ಬಡ ಯಂತ್ರವನ್ನು ಲವಲೇಶವೂ ತಪ್ಪದಂತೆ ಅನುಕರಿಸಲು 3 ಗಿಗಾಹರ್ಟ್ಸ್ ಪ್ರೊಸೆಸರ್ ಬೇಕೆಂದು ಬಿಸ್ನೆಸ್ ಎಂಬ ಎಮ್ಯುಲೇಟರ್ ಬರೆದ, ಬ್ಯೂ ಎಂಬ ಅಡ್ಡಹೆಸರಿನ ಪ್ರೋಗ್ರಾಮರ್ 2011ರಲ್ಲೇ ಲೇಖನ ಬರೆದು ವಾದಿಸಿದ್ದರು. ಆಗ ಅದು ಅತಿ ಎನಿಸಿತ್ತು. ಈಗ ಗುಜರಿಗೆ ಬೀಳುತ್ತಿರುವ ಇಂಟೆಲ್ ಐ5-6500ರ ವೇಗವೇ 3.2 ಗಿಗಾಹರ್ಟ್ಸ್, ಒತ್ತಡ ಬಿದ್ದಾಗ 3.6.

ಹಾಗಾಗಿ ನಿಮ್ಮ ಪಟ್ಟಿ ಮಾರಿಯೊ, ಕಾಂಟ್ರಾ, ಸೋನಿಕ್, ಟೆಕ್ಕನ್ 3ಕ್ಕೆ ಮುಗಿಯುವುದಾದರೆ ಯಾವ ಆಫೀಸ್ ಪೆಟ್ಟಿಗೆಯಾದರೂ ನಡೆಯುತ್ತದೆ, ಇಷ್ಟೊಂದು ಓದುವ ಅಗತ್ಯವೂ ಇಲ್ಲ. ಪಿಎಸ್‌ಪಿ ಆಟಗಳೂ ಸುಲಭ. 2012ರಲ್ಲಿ ಬಂದ ಪಿಪಿಎಸ್‌ಎಸ್‌ಪಿಪಿ ಎಮ್ಯುಲೇಟರ್ ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ, ಪಿ.ಜಿ.ಗಳಲ್ಲಿರುವ ಹುಡುಗರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ನಿಂಟೆಂಡೊ 64 ಸ್ವಲ್ಪ ಮೊಂಡು. ಅದರ ಚಿತ್ರ ಬಿಡಿಸುವ ಚಿಪ್ಪಿನ ವರ್ತನೆ ವಿಚಿತ್ರ, ಅದನ್ನು ಸರಿಯಾಗಿ ಅನುಕರಿಸುವ ವಿಧಾನಕ್ಕೆ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಬೇಕು.

ನಿಜವಾದ ಪರೀಕ್ಷೆ ಶುರುವಾಗುವುದು ಪ್ಲೇಸ್ಟೇಷನ್ 2ರಲ್ಲಿ. ಅದರ ಮುಖ್ಯ ಚಿಪ್ಪಿನ ವೇಗ 294 ಮೆಗಾಹರ್ಟ್ಸ್ ಇದ್ದರೂ ಪಕ್ಕದಲ್ಲೇ ಎರಡು ಸಹಾಯಕ ಘಟಕಗಳು ತಮ್ಮದೇ ಕೆಲಸ ಮಾಡುತ್ತಿರುತ್ತವೆ. ಇದಕ್ಕಿರುವ ಪಿಸಿಎಸ್‌ಎಕ್ಸ್2 ಎಮ್ಯುಲೇಟರ್ ಎರಡು ದಶಕ ಬೆಳೆದು 2024ರ ಜುಲೈನಲ್ಲಿ 2.0 ಆವೃತ್ತಿಗೆ ಬಂತು. ಅದು ನೋಡುವುದು ಎಷ್ಟು ಕೋರ್ ಇವೆ ಎಂದಲ್ಲ, ಒಂದೊಂದು ಕೋರ್ ಎಷ್ಟು ಬಿರುಸು ಎಂದು. 6ನೇ ತಲೆಮಾರಿನ ಐ5ರಲ್ಲಿ ಮೂಲ ರೆಸೊಲ್ಯೂಶನ್ ಇಟ್ಟುಕೊಂಡರೆ ಬಹುತೇಕ ಆಟಗಳು ಸರಾಗ, ಶ್ಯಾಡೊ ಆಫ್ ದಿ ಕೊಲೋಸಸ್‌ನಂಥ ಭಾರದ ಆಟಗಳಲ್ಲಿ ಏದುಸಿರು. ನಿಂಟೆಂಡೊದ ಗೇಮ್‌ಕ್ಯೂಬ್‌ಗೆ ಇರುವ ಡಾಲ್ಫಿನ್ ಎಮ್ಯುಲೇಟರ್ ಇದಕ್ಕಿಂತ ಹಗುರ.

ಪ್ಲೇಸ್ಟೇಷನ್ 3 ಬೇಕೆಂದರೆ ಗುಜರಿಯ ಮಾತು ಬಿಡಿ. ಅದರ ಸೆಲ್ ಪ್ರೊಸೆಸರನ್ನು ಅನುಕರಿಸುವ ಆರ್‌ಪಿಸಿಎಸ್3ಗೆ ಬಿರುಸಾದ ಕೋರ್‌ಗಳೇ ಆರೋ ಎಂಟೋ ಬೇಕು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ಎವಿಎಕ್ಸ್-512 ಎಂಬ ಸೂಚನೆಗಳ ಗುಂಪು ಇದ್ದರೆ ಅದಕ್ಕೆ ಇನ್ನಷ್ಟು ಲಾಭ. ಎಎಂಡಿಯ ಝೆನ್ 4 ಮತ್ತು ಅದರ ನಂತರದ ರೈಝನ್‌ಗಳಲ್ಲಿ ಅದಿದೆ, ಇಂಟೆಲ್ ತನ್ನ ಈಚಿನ ಡೆಸ್ಕ್‌ಟಾಪ್ ಚಿಪ್‌ಗಳಿಂದ ಅದನ್ನು ತೆಗೆದುಹಾಕಿದೆ. 2023ರ ನವೆಂಬರ್‌ನಲ್ಲಿ ಎಎಂಡಿ ತನ್ನ ಅತಿ ದೊಡ್ಡ ಚಿಪ್ ವಿನ್ಯಾಸ ಕೇಂದ್ರವನ್ನು ತೆರೆದದ್ದು ಇದೇ ಬೆಂಗಳೂರಿನಲ್ಲಿ ಎಂಬುದು ಆ ಚಿಪ್ಪಿನ ಬೆಲೆಯನ್ನೇನೂ ಇಳಿಸಿಲ್ಲ.

ಅಂಗಡಿಗೆ ಪೆನ್‌ಡ್ರೈವ್ ಒಯ್ಯಿರಿ

ಪೀಣ್ಯದವರು ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರ ಚಿಕ್ಕಪೇಟೆ. ಕಾಡುಗೋಡಿಯಿಂದ ನೇರಳೆ ಮಾರ್ಗದಲ್ಲಿ ಬಂದವರು ಮೆಜೆಸ್ಟಿಕ್‌ನಲ್ಲಿ ಬದಲಿಸಿದರೆ ಮುಂದಿನ ನಿಲ್ದಾಣ ಅದೇ. 2025ರ ಆಗಸ್ಟ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರಿಗೂ ಹಳದಿ ಮಾರ್ಗವಿದೆ, ಆರ್.ವಿ. ರಸ್ತೆಯಲ್ಲಿ ಬದಲಿಸಬೇಕು. ಚಿಕ್ಕಪೇಟೆಯಿಂದ ಎಸ್.ಪಿ. ರಸ್ತೆಗೆ ನಡೆದೇ ಹೋಗಬಹುದು.

‘ಐ5 ಇದೆ ಸರ್, ತಗೊಳ್ಳಿ’ ಎನ್ನುವುದು ಅಲ್ಲಿಯ ಮಾಮೂಲಿ ಮಾತು. ಐ5 ಎಂಬುದು ಹೆಚ್ಚೇನನ್ನೂ ಹೇಳುವುದಿಲ್ಲ. ಐ5-2400 ಕೂಡ ಐ5, ಅದು 2011ರದು. ಗೀಟಿನ ನಂತರ ನಾಲ್ಕು ಅಂಕಿಗಳಿದ್ದರೆ ಮೊದಲನೆಯದು ತಲೆಮಾರು: 6500 ಎಂದರೆ 6ನೆಯದು, 8500 ಎಂದರೆ 8ನೆಯದು. ನನ್ನ ಮಟ್ಟಿಗೆ 6ಕ್ಕಿಂತ ಕೆಳಗೆ ಇಳಿಯಬಾರದು. 4ನೇ ತಲೆಮಾರಿನ ಗ್ರಾಫಿಕ್ಸ್‌ಗೆ ವಲ್ಕನ್ ಬೆಂಬಲ ಸರಿಯಾಗಿಲ್ಲ, ಎಮ್ಯುಲೇಟರ್‌ಗಳು ವರ್ಷ ಕಳೆದಂತೆ ಅದನ್ನೇ ನೆಚ್ಚಿಕೊಳ್ಳುತ್ತಿವೆ. ಕೊನೆಗೆ ‘ಟಿ’ ಅಕ್ಷರವಿದ್ದರೆ ಅದು 35 ವ್ಯಾಟ್‌ನ ಮಿತವ್ಯಯಿ ಚಿಪ್, ಪುಸ್ತಕದಷ್ಟು ಚಿಕ್ಕ ಪೆಟ್ಟಿಗೆಗಳಲ್ಲಿ ಇರುವುದು ಅದೇ. ಐ5-6500ಟಿಯ ಗರಿಷ್ಠ ವೇಗ 3.1 ಗಿಗಾಹರ್ಟ್ಸ್‌ಗೇ ನಿಲ್ಲುತ್ತದೆ. ಪ್ಲೇಸ್ಟೇಷನ್ 2 ನಿಮ್ಮ ಪಟ್ಟಿಯಲ್ಲಿದ್ದರೆ ಆ ವ್ಯತ್ಯಾಸ ಆಟದಲ್ಲಿ ಕಾಣುತ್ತದೆ. ಐ5-8500ಟಿಯಾದರೆ 3.5ರವರೆಗೆ ಹೋಗುತ್ತದೆ, ಆರು ಕೋರ್‌ಗಳಿವೆ, ವಿಂಡೋಸ್ 11 ಕೂಡ ಒಪ್ಪುತ್ತದೆ. ಹಾಗಾಗಿಯೇ ಅದು ಅಷ್ಟು ಸುಲಭಕ್ಕೆ ಗುಜರಿಗೆ ಬರುವುದಿಲ್ಲ, ಬಂದರೂ ಬೆಲೆ ಬಿಡುವುದಿಲ್ಲ. ಇನ್ನು ಅದೇ ಕಾಲದ ಪೆಂಟಿಯಮ್, ಸೆಲೆರಾನ್‌ಗಳ ತಂಟೆಗೆ ಹೋಗಬೇಡಿ. ಐ5ರಲ್ಲಿರುವ ಎವಿಎಕ್ಸ್2 ಸೂಚನೆಗಳು ಅವುಗಳಲ್ಲಿಲ್ಲ.

ಹೋಗುವಾಗ ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇರಲಿ, ಅದರಲ್ಲಿ ಬಟೊಸೆರಾ ಇರಲಿ. ಇದು ಲಿನಕ್ಸ್ ಆಧಾರಿತ ಉಚಿತ ಆಪರೇಟಿಂಗ್ ಸಿಸ್ಟಮ್, ಆಟ ಆಡಿಸುವುದಕ್ಕೆಂದೇ ಮಾಡಿದ್ದು. ಪೆನ್‌ಡ್ರೈವ್‌ನಿಂದಲೇ ಶುರುವಾಗುತ್ತದೆ, ಕಂಪ್ಯೂಟರಿನ ಡಿಸ್ಕ್ ಮುಟ್ಟುವುದಿಲ್ಲ, ಡಿಸ್ಕ್ ಇಲ್ಲದಿದ್ದರೂ ಚಿಂತೆಯಿಲ್ಲ. ಡಿಸ್ಕ್ ಕಿತ್ತ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಾಣೆ. ಬೂಟ್ ಮೆನು ಒತ್ತಿದಾಗ ಪಾಸ್‌ವರ್ಡ್ ಕೇಳಿದರೆ ಹಳೆಯ ಕಂಪನಿಯ ಬೀಗ ಇನ್ನೂ ತೆಗೆದಿಲ್ಲ ಎಂದರ್ಥ. ‘ಮನೆಗೆ ಹೋಗಿ ಫೋನ್ ಮಾಡಿ, ಹೇಳ್ತೀನಿ’ ಎಂಬ ಮಾತಿಗೆ ಬೀಳದೆ ಮುಂದಿನ ಪೆಟ್ಟಿಗೆ ಕೇಳಿ. ಶುರುವಾಯಿತೆಂದರೆ ಒಂದು ಆಟ ಹಾಕಿ ಹತ್ತು ನಿಮಿಷ ಬಿಡಿ, ಫ್ಯಾನ್ ಕಿರುಚುತ್ತದೆಯೇ ಕೇಳಿಸಿಕೊಳ್ಳಿ, ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಕಂಟ್ರೋಲರ್ ಚುಚ್ಚಿ ನೋಡಿ.

ಮುಚ್ಚಳ ತೆಗೆಸಿ ನೋಡಬೇಕಾದದ್ದು ರ‍್ಯಾಮ್. ಆಫೀಸ್ ಯಂತ್ರಗಳಲ್ಲಿ ಸಾಮಾನ್ಯವಾಗಿ 8 ಜಿಬಿಯ ಒಂದೇ ಕಡ್ಡಿ ಇರುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ, ಒಂದರ ಬದಲು ಎರಡು ಕಡ್ಡಿ ಇದ್ದರೆ ದಾರಿ ಅಗಲವಾದಂತಾಗಿ ಆಟದ ವೇಗ ನೇರವಾಗಿ ಏರುತ್ತದೆ. 8 ಜಿಬಿಯ ಒಂದಕ್ಕಿಂತ 4 ಜಿಬಿಯ ಎರಡು ಮೇಲು. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿದ ಮೇಲೆ ಎರಡನೆಯ ಕಡ್ಡಿಯನ್ನು ಚೌಕಾಸಿಯಲ್ಲೇ ಸೇರಿಸಿಕೊಳ್ಳುವುದು ಜಾಣತನ. ಅಡಾಪ್ಟರ್ ಕೂಡ ಅಸಲಿಯೇ ಇರಲಿ. ಕೆಲವು ಕಂಪನಿಗಳ ಯಂತ್ರಗಳು ಅಡಾಪ್ಟರಿನ ಗುರುತು ಸಿಗದಿದ್ದರೆ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ.

ಸ್ವಲ್ಪ ದೊಡ್ಡ, ಮಲಗಿಸಿದ ಸೂಟ್‌ಕೇಸಿನಂಥ ಪೆಟ್ಟಿಗೆ ಸಿಕ್ಕರೆ ಅದರಲ್ಲಿ ಕುಳ್ಳ ಗ್ರಾಫಿಕ್ಸ್ ಕಾರ್ಡ್ ಕೂರಿಸಬಹುದು. ಪ್ರತ್ಯೇಕ ವಿದ್ಯುತ್ ತಂತಿ ಬೇಡದ 75 ವ್ಯಾಟ್‌ನ ಜಿಟಿಎಕ್ಸ್ 1650 ಇದಕ್ಕೆ ಹೇಳಿ ಮಾಡಿಸಿದ್ದು, ಪ್ಲೇಸ್ಟೇಷನ್ 2ರ ಚಿತ್ರವನ್ನು ಎರಡು ಮೂರು ಪಟ್ಟು ಸ್ಪಷ್ಟವಾಗಿಸಿ ತೋರಿಸುತ್ತದೆ. ಜಿಟಿ 1030 ಕೊಳ್ಳುವಾಗ ಹುಷಾರು: ಒಂದೇ ಹೆಸರಿನಲ್ಲಿ ಎರಡು ಕಾರ್ಡ್‌ಗಳಿವೆ, ಡಿಡಿಆರ್4 ಮೆಮೊರಿ ಇರುವುದು ಜಿಡಿಡಿಆರ್5 ಇರುವುದಕ್ಕಿಂತ ಬಹಳ ನಿಧಾನ.

ಹೊಸದೇ ಬೇಕು, ಗ್ಯಾರಂಟಿ ಬೇಕು ಎನ್ನುವವರಿಗೆ ಇಂಟೆಲ್ ಎನ್100 ಇರುವ ಮಿನಿ ಪಿಸಿಗಳಿವೆ. 6 ವ್ಯಾಟ್‌ನ ಚಿಪ್, ಸದ್ದಿಲ್ಲ, ಕರೆಂಟು ಹೋದಾಗ ಮನೆಯ ಯುಪಿಎಸ್‌ಗೆ ಭಾರವಿಲ್ಲ, ಶಕ್ತಿಯಲ್ಲಿ ಹಳೆಯ ಐ5ಗೆ ಹತ್ತಿರ. ರಾಸ್ಪ್‌ಬೆರಿ ಪೈ ಬಗ್ಗೆ ನನಗೆ ಪ್ರೀತಿ ಇದ್ದರೂ ಈ ಕೆಲಸಕ್ಕೆ ಈಗ ಶಿಫಾರಸು ಮಾಡಲಾರೆ. 2023ರಲ್ಲಿ ಬಂದ ಪೈ 5 ಚುರುಕಾಗಿದೆ ನಿಜ, ಆದರೆ ಡಬ್ಬಿ, ಫ್ಯಾನ್, 5 ಆಂಪಿಯರ್ ಅಡಾಪ್ಟರ್, ಕಾರ್ಡ್ ಎಲ್ಲ ಕೂಡಿಸಿದರೆ ಆಫೀಸ್ ಪೆಟ್ಟಿಗೆಯ ಬೆಲೆಗೇ ಬಂದು ನಿಲ್ಲುತ್ತದೆ. ಕೈಯಲ್ಲಿ ಹಿಡಿದು ಆಡುವ ಚೀನಾದ ಆನ್‌ಬರ್ನಿಕ್, ಮಿಯೂ, ರೆಟ್ರಾಯ್ಡ್‌ಗಳಿಗೆ ಪಿ.ಜಿ. ವಾಸಿಗಳಲ್ಲಿ ಬೇಡಿಕೆಯಿದೆ. 2020ರ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ನಿಷೇಧವಾದ ಮೇಲೆ ಅವು ಬರುವ ದಾರಿ ಸುತ್ತುಬಳಸು, ಮೇಲೆ ಕಸ್ಟಮ್ಸ್ ಸುಂಕ. ಜತೆಗೆ ಬರುವ ಮೆಮೊರಿ ಕಾರ್ಡ್‌ಗಳು ಅಗ್ಗದವು, ಮೇಲೆ ಬರೆದಷ್ಟು ಜಾಗ ಒಳಗಿರುವ ಖಾತ್ರಿಯಿಲ್ಲ. ಆಫೀಸು ಕೊಟ್ಟ ಲ್ಯಾಪ್‌ಟಾಪ್‌ನಲ್ಲೇ ಹಾಕಿಕೊಂಡರಾಯಿತು ಎಂದು ಯೋಚಿಸುತ್ತಿರುವವರು ತಮ್ಮ ಐಟಿ ನಿಯಮಾವಳಿಯನ್ನು ಒಮ್ಮೆ ಓದಿಕೊಳ್ಳಲಿ.

ಎಫ್‌ಪಿಜಿಎ ಎಂಬ ಇನ್ನೊಂದು ದಾರಿಯೂ ಇದೆ, ಈ ಊರಿನ ಚಿಪ್ ವಿನ್ಯಾಸಕರಿಗೆ ಅದೇ ಹೆಚ್ಚು ರುಚಿಸುವುದು. ಮಿಸ್ಟರ್ ಎಂಬ ಯೋಜನೆಯಲ್ಲಿ ಸಾಫ್ಟ್‌ವೇರ್ ನಟನೆ ಇಲ್ಲ. ಡಿಇ10-ನ್ಯಾನೊ ಎಂಬ ಬೋರ್ಡಿನ ಮೇಲಿರುವ ಖಾಲಿ ತರ್ಕದ್ವಾರಗಳನ್ನೇ ಹಳೆಯ ಚಿಪ್ಪಿನ ರೂಪಕ್ಕೆ ಜೋಡಿಸುತ್ತಾರೆ. ಪ್ಲೇಸ್ಟೇಷನ್ 1, ನಿಂಟೆಂಡೊ 64ರವರೆಗೆ ಬಂದು ನಿಂತಿದೆ. ಹಗಲೆಲ್ಲ ಚಿಪ್ ವಿನ್ಯಾಸದ ವೆರಿಲಾಗ್ ಭಾಷೆ ಬರೆಯುವವರು ರಾತ್ರಿಯೂ ಅದನ್ನೇ ಬರೆಯಲು ಸಿದ್ಧರಿದ್ದರೆ ಇದು ಸೊಗಸು. ಉಳಿದವರಿಗೆ ದುಬಾರಿ.

ಬಾಲ್ಯದ ಮಾರಿಯೊ ನಿಧಾನವಿದ್ದ

ಸಾಫ್ಟ್‌ವೇರ್ ವಿಷಯದಲ್ಲಿ ಆಯ್ಕೆ ಹೆಚ್ಚಿದಂತೆ ತಲೆನೋವೂ ಹೆಚ್ಚು. ಟಿವಿಗೆ ಜೋಡಿಸಿ ಮಕ್ಕಳೂ ಆಡುವಂತಿರಬೇಕಾದರೆ ಬಟೊಸೆರಾ ಸಾಕು, ಗುಂಡಿ ಒತ್ತಿದರೆ ಆಟದ ಪಟ್ಟಿ ಬರುತ್ತದೆ. ವಿಂಡೋಸ್ ಇಟ್ಟುಕೊಳ್ಳುವವರು ಹಳೆಯ ಕನ್ಸೋಲ್‌ಗಳಿಗೆ ಹಲವು ಎಮ್ಯುಲೇಟರ್‌ಗಳನ್ನು ಒಂದೇ ಕಡೆ ಕೂಡಿಸುವ ರೆಟ್ರೊಆರ್ಚ್, ಪ್ಲೇಸ್ಟೇಷನ್ 2ಕ್ಕೆ ಪಿಸಿಎಸ್‌ಎಕ್ಸ್2, ಗೇಮ್‌ಕ್ಯೂಬ್‌ಗೆ ಡಾಲ್ಫಿನ್ ಹೀಗೆ ಬೇರೆ ಬೇರೆಯಾಗಿ ಹಾಕಿಕೊಳ್ಳುವುದು ಒಳ್ಳೆಯದು. ಎಲ್ಲವನ್ನೂ ರೆಟ್ರೊಆರ್ಚ್ ಒಳಗೇ ತುರುಕುವ ಹಟದಲ್ಲಿ ಭಾನುವಾರಗಳು ಹೋಗುತ್ತವೆ. ಆರ್ಕೇಡ್ ಆಟಗಳಿಗೆ 1997ರಲ್ಲಿ ನಿಕೊಲಾ ಸಾಲ್ಮೋರಿಯಾ ಶುರುಮಾಡಿದ ಮೇಮ್ ಇದೆ. ಮೇಮ್‌ನ ಆವೃತ್ತಿಗೂ ಆಟದ ಫೈಲಿನ ಆವೃತ್ತಿಗೂ ತಾಳೆಯಾಗಬೇಕು ಎಂಬುದೊಂದನ್ನು ನೆನಪಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ತುಂಬ ಜನ ಎಮ್ಯುಲೇಟರ್ ಹಾಕಿ ಮೊದಲ ಸಲ ಮಾರಿಯೊ ಶುರುಮಾಡಿದಾಗ ಏನೋ ಸರಿಯಿಲ್ಲ ಎನ್ನುತ್ತಾರೆ. ಸಂಗೀತ ಅವಸರದಲ್ಲಿದೆ, ಮಾರಿಯೊ ಬೇಗ ಓಡುತ್ತಿದ್ದಾನೆ. ಅವರ ನೆನಪು ಸುಳ್ಳಲ್ಲ. ಜಪಾನ್, ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯ ಟಿವಿ ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಬಿಡಿಸುತ್ತಿತ್ತು, ಭಾರತದ ಪಾಲ್ ಪದ್ಧತಿಯ ಟಿವಿ 50 ಸಲ. ಆಟದ ಸಂಗೀತವೂ ಚಲನೆಯೂ ಚಿತ್ರದ ಲೆಕ್ಕಕ್ಕೇ ಕಟ್ಟಿಹಾಕಿದ್ದವು. ನಮ್ಮ ಟಿವಿಗಳಿಗಾಗಿ ಮಾಡಿದ ತದ್ರೂಪು ಯಂತ್ರಗಳಲ್ಲಿ ಅವು ಆರರಲ್ಲಿ ಒಂದು ಪಾಲಿನಷ್ಟು ನಿಧಾನವಾದವು. ಇಲ್ಲಿ ಬೆಳೆದವರ ಕಿವಿಗೆ ಆ ನಿಧಾನವೇ ಅಸಲಿ. ಮೆಸೆನ್ ಎಂಬ ಎಮ್ಯುಲೇಟರ್‌ನಲ್ಲಿ ಪ್ರದೇಶ ಆರಿಸುವ ಕಡೆ ಎನ್‌ಟಿಎಸ್‌ಸಿ, ಪಾಲ್ ಜತೆಗೆ ಡೆಂಡಿ ಎಂಬ ಮೂರನೆಯದೊಂದಿದೆ. ಡೆಂಡಿ ಎಂಬುದು ರಷ್ಯಾದಲ್ಲಿ ಜನಪ್ರಿಯವಾಗಿದ್ದ ಇಂಥದೇ 50 ಹರ್ಟ್ಸ್ ತದ್ರೂಪಿನ ಹೆಸರು. ಅದನ್ನು ಆರಿಸಿ, ಕಂಪ್ಯೂಟರಿನಿಂದ ಟಿವಿಗೆ ಹೋಗುವ ಚಿತ್ರವನ್ನೂ 50 ಹರ್ಟ್ಸ್‌ಗೆ ಇಟ್ಟರೆ ಬೇಸಿಗೆ ರಜೆಯ ಮಾರಿಯೊ ತನ್ನ ಹಳೆಯ ನಡಿಗೆಗೆ ಬರುತ್ತಾನೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಗ್ರಾಫಿಕ್ಸ್ ಕಾರ್ಡ್ ಚರ್ಚೆಗಳಿಗಿಂತ ಇದೇ ಮುಖ್ಯ ಎಂದು ನಾನು ಹೇಳುವೆ.

ಇನ್ನೊಂದು ಕಾಡುವ ದೋಷ ತಡ. ಗುಂಡಿ ಒತ್ತಿದ ಮೇಲೆ ಮಾರಿಯೊ ಜಿಗಿಯಲು ಕ್ಷಣ ತಡವಾದರೆ ಹೊಂಡಕ್ಕೆ ಬೀಳುತ್ತಾನೆ, ವಯಸ್ಸಾಯಿತು ಎಂದು ನಾವು ಕೊರಗುತ್ತೇವೆ. ತಪ್ಪು ಹೆಚ್ಚಾಗಿ ಟಿವಿಯದು. ಈಗಿನ 55 ಇಂಚಿನ ಟಿವಿಗಳು ಚಿತ್ರವನ್ನು ಅಂದಗಾಣಿಸಲು ಹೊತ್ತು ತೆಗೆದುಕೊಳ್ಳುತ್ತವೆ, ಗೇಮ್ ಮೋಡ್ ಹಾಕಿದರೆ ಆ ಅಲಂಕಾರ ನಿಲ್ಲುತ್ತದೆ. ಆಮೇಲೆ ತಂತಿಯ ಕಂಟ್ರೋಲರ್. ಅದೂ ಸಾಲದಿದ್ದರೆ 2018ರಲ್ಲಿ ರೆಟ್ರೊಆರ್ಚ್‌ಗೆ ಬಂದ ರನ್-ಅಹೆಡ್ ಇದೆ. ಎಮ್ಯುಲೇಟರ್ ಗುಟ್ಟಾಗಿ ಒಂದೆರಡು ಚಿತ್ರ ಮುಂದಕ್ಕೆ ಓಡಿ ನೋಡಿಕೊಂಡು ಬಂದು, ಮೂಲ ಆಟದೊಳಗೇ ಇದ್ದ ತಡವನ್ನೂ ನುಂಗಿಹಾಕುತ್ತದೆ. ಇದಕ್ಕೆ ಪ್ರೊಸೆಸರ್ ಎರಡರಷ್ಟು ದುಡಿಯಬೇಕು, ಹಳೆಯ ಆಟಗಳಿಗೂ ಐ5 ಇದ್ದರೆ ಒಳ್ಳೆಯದೆನ್ನಲು ಅದೂ ಒಂದು ಕಾರಣ. ಅಂದಹಾಗೆ ಆಫೀಸ್ ಪೆಟ್ಟಿಗೆಗಳ ಹಿಂದೆ ಹಲವು ಸಲ ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಇರುತ್ತದೆ. ಬದಲಿಸುವ ಕೇಬಲ್ ಕೊಳ್ಳಿ, ಟಿವಿ 4ಕೆ ಆಗಿದ್ದರೂ 1080ಪಿಗೆ ಇಡಿ. 4ಕೆ ಒತ್ತಾಯಿಸಿದರೆ ಆ ಹಳೆಯ ಯಂತ್ರಗಳು ಸೆಕೆಂಡಿಗೆ 30 ಚಿತ್ರಕ್ಕೆ ಇಳಿಯಬಹುದು.

ಡಕ್ ಹಂಟ್ ಆಟದ ಬಂದೂಕು ಮಾತ್ರ ಈ ಟಿವಿಗಳಲ್ಲಿ ಏನು ಮಾಡಿದರೂ ನಡೆಯದು. ಕುದುರೆ ಒತ್ತಿದಾಗ ಪರದೆ ಒಂದು ಕ್ಷಣ ಕಪ್ಪಾಗಿ ಬಾತುಕೋಳಿ ಇರುವಲ್ಲಿ ಬಿಳಿ ಚೌಕ ಹೊಳೆಯುತ್ತದೆ, ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಸಂವೇದಕ ಅದನ್ನು ಅದೇ ಕ್ಷಣದಲ್ಲಿ ಕಾಣಬೇಕು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೆ ತಕ್ಕಂತೆ ಹೆಣೆದ ಉಪಾಯ ಅದು. ಎಮ್ಯುಲೇಟರ್‌ನಲ್ಲಿ ಮೌಸ್‌ನಿಂದ ಹೊಡೆಯಬಹುದು, ಮಜಾ ಇಲ್ಲ. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ ಬಿಇಎಲ್ ಒಂದು ಕಾಲಕ್ಕೆ ಕಪ್ಪು-ಬಿಳುಪು ಟಿವಿಗಳ ಪಿಕ್ಚರ್ ಟ್ಯೂಬ್‌ಗಳನ್ನು ತಯಾರಿಸುತ್ತಿತ್ತು. ಈಗ ಅಂಥ ಟಿವಿ ಅಟ್ಟದ ಮೇಲೆ ಉಳಿದಿದ್ದರೆ ಗುಜರಿಗೆ ಹಾಕುವ ಮೊದಲು ಯಾರಾದರೂ ರೆಟ್ರೊ ಹುಚ್ಚಿನವರನ್ನು ಕೇಳಿ. ಮುಚ್ಚಳ ಮಾತ್ರ ತೆಗೆಯಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.

ಆಟಗಳ ಫೈಲ್ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಾರದೆ ಇರುವುದಿಲ್ಲ. ಎಮ್ಯುಲೇಟರ್ ಇಟ್ಟುಕೊಳ್ಳುವುದು ತಪ್ಪಲ್ಲ. ಕಾಪಿರೈಟ್ ಇರುವ ಆಟವನ್ನು ಎಲ್ಲಿಂದಲೋ ಇಳಿಸಿಕೊಳ್ಳುವುದು ಬೇರೆ ಮಾತು. 1957ರ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಮು, ಕಾನೂನುಬದ್ಧವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ಸ್ವಂತ, ವಾಣಿಜ್ಯೇತರ ಬಳಕೆಗೆ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಮುರಿಯುವುದನ್ನು ಶಿಕ್ಷಾರ್ಹವಾಗಿಸಿದೆ. ‘9999 ಇನ್ 1’ ಕ್ಯಾಸೆಟ್ ಹುಟ್ಟಿನಿಂದಲೇ ಕಳ್ಳಮಾಲು, ಅದನ್ನು ಕೊಂಡ ಪುಣ್ಯಕ್ಕೆ ಹಕ್ಕೇನೂ ಬರುವುದಿಲ್ಲ. ಮನೆಯಲ್ಲಿ ಪ್ಲೇಸ್ಟೇಷನ್ 2ರ ಅಸಲಿ ಡಿವಿಡಿಗಳಿದ್ದರೆ ದಾರಿ ಸುಲಭ: ಹೊಸ ಲ್ಯಾಪ್‌ಟಾಪ್‌ಗಳಲ್ಲಿಲ್ಲದ ಡಿವಿಡಿ ಡ್ರೈವ್ ಆಫೀಸಿನ ಮಲಗಿಸಿದ ಪೆಟ್ಟಿಗೆಗಳಲ್ಲಿ ಇನ್ನೂ ಇರುತ್ತದೆ, ಅದರಲ್ಲೇ ಓದಿಸಿ ಫೈಲ್ ಮಾಡಿಕೊಳ್ಳಬಹುದು. ಯಂತ್ರವನ್ನು ಶುರುಮಾಡುವ ಬಯಾಸ್ ಫೈಲನ್ನೂ ನಿಮ್ಮದೇ ಪ್ಲೇಸ್ಟೇಷನ್‌ನಿಂದ ತೆಗೆಯಬೇಕು. ಪ್ಲೇಸ್ಟೇಷನ್ 3ರ ಫರ್ಮ್‌ವೇರನ್ನು ಸೋನಿಯೇ ತನ್ನ ತಾಣದಲ್ಲಿ ಇಟ್ಟಿದೆ. ಏನೂ ಇಲ್ಲದವರು ಹೊಸದಾಗಿ ಹಳೆಯ ಯಂತ್ರಕ್ಕೇ ಬರೆದ ಆಟಗಳನ್ನು ಕೊಳ್ಳಬಹುದು. 2019ರ ಮೈಕ್ರೊ ಮೇಜಸ್ ಕೇವಲ 40 ಕಿಲೋಬೈಟ್‌ನಲ್ಲಿ ನಾಲ್ವರು ಒಟ್ಟಿಗೆ ಆಡುವ ಆಟ, ತೊಂಬತ್ತರ ದಶಕದಲ್ಲಿ ಬಂದಿದ್ದರೆ ಬೀದಿಯ ಹುಡುಗರೆಲ್ಲ ಒಂದೇ ಮನೆಯಲ್ಲಿ ಇರುತ್ತಿದ್ದರು.

ಪೀಣ್ಯದಲ್ಲಿ ಮಾಡಿಸುವುದು

ಉಳಿದ ದುಡ್ಡನ್ನು ಎಲ್ಲಿ ಹಾಕಬೇಕು ಎಂದು ಕೇಳಿದರೆ ನನ್ನ ಉತ್ತರ ಆರ್ಕೇಡ್ ಗುಂಡಿಗಳು. ಪ್ಲಾಸ್ಟಿಕ್ ಕಂಟ್ರೋಲರ್‌ಗಳಲ್ಲಿ ನಕಲಿಗಳೇ ತುಂಬಿವೆ, ಡಿ-ಪ್ಯಾಡ್ ಸರಿಯಿಲ್ಲದಿದ್ದರೆ ಟೆಕ್ಕನ್ ಆಡುವುದು ಶಿಕ್ಷೆ. ಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ಆಡುವ ಲೋಹದ ಡಬ್ಬಿಯನ್ನು ಮಾಡಿಸಲು ಈ ದೇಶದಲ್ಲಿ ಪೀಣ್ಯಕ್ಕಿಂತ ಅನುಕೂಲದ ಜಾಗ ಕಡಿಮೆ. ಲೇಸರ್ ಕಟಿಂಗ್, ಬೆಂಡಿಂಗ್, ವೆಲ್ಡಿಂಗ್, ಪೌಡರ್ ಕೋಟಿಂಗ್ ಎಲ್ಲವೂ ಒಂದೆರಡು ರಸ್ತೆಗಳ ಅಂತರದಲ್ಲಿವೆ.

ಬಾಗಿಲಲ್ಲಿ ಕೇಳುವ ಪ್ರಶ್ನೆ ಎರಡೇ: ‘ಡಿಎಕ್ಸ್‌ಎಫ್ ತಂದಿದೀರಾ ಸರ್? ಗೇಜ್ ಎಷ್ಟು?’ ಡಿಎಕ್ಸ್‌ಎಫ್ ಎಂದರೆ ಯಂತ್ರಕ್ಕೆ ತಿನ್ನಿಸುವ ನಕ್ಷೆಯ ಫೈಲ್, ಉಚಿತ ಸಾಫ್ಟ್‌ವೇರ್‌ನಲ್ಲೇ ಬಿಡಿಸಬಹುದು. ಗೇಜ್‌ಗೆ 16 ಎನ್ನಿ, ಸುಮಾರು 1.6 ಮಿಲಿಮೀಟರ್ ದಪ್ಪ, ಆವೇಶದಲ್ಲಿ ಗುದ್ದಿದರೂ ತಗ್ಗುವುದಿಲ್ಲ. ಆಟದ ಗುಂಡಿಗಳಿಗೆ 30 ಮಿ.ಮೀ. ತೂತು, ಸ್ಟಾರ್ಟ್ ಮತ್ತು ಕಾಯಿನ್ ಗುಂಡಿಗಳಿಗೆ 24. ತಗಡಿಗೆ ಒತ್ತಿ ಕೂರಿಸುವ ಗುಂಡಿಗಳೇ ಸಾಕು, ತಿರುಪಿನವು ಮರದ ಹಲಗೆಗೆ. ಒಂದೇ ಡಬ್ಬಿಗೆ ಕನಿಷ್ಠ ಶುಲ್ಕವೇ ಭಾರವಾಗುವುದರಿಂದ ಮೂರು ನಾಲ್ಕು ಜನ ಸೇರಿ ಕೊಡುವುದು ಲಾಭ. ಗುಂಡಿಗಳಿಂದ ಯುಎಸ್‌ಬಿಗೆ ಬದಲಿಸುವ ಚಿಕ್ಕ ಬೋರ್ಡ್‌ಗಳು ‘ಝೀರೊ ಡಿಲೇ’ ಎಂಬ ಹೆಸರಲ್ಲಿ ಅಗ್ಗಕ್ಕೆ ಸಿಗುತ್ತವೆ. ತಡ ಸೊನ್ನೆ ಎಂಬುದು ಹೆಸರಿನಲ್ಲಷ್ಟೇ, ಆದರೂ ಶುರುವಿಗೆ ಪರವಾಗಿಲ್ಲ.

ಕತ್ತರಿಸಿದ ಅಂಚನ್ನು ಉಜ್ಜಿಸದೆ ಮನೆಗೆ ತರಬೇಡಿ, ಬೆರಳು ಸೀಳುತ್ತದೆ. ಬಣ್ಣದ ವಿಷಯದಲ್ಲಿ ಮೊದಲೇ ಹೇಳಿಡಬೇಕಾದದ್ದೊಂದಿದೆ: ಪೌಡರ್ ಕೋಟಿಂಗ್ ಪದರ 60ರಿಂದ 100 ಮೈಕ್ರಾನ್ ದಪ್ಪ ಬರುತ್ತದೆ, ತೂತಿನ ಸುತ್ತಲೂ ಅಂಟಿ ಬಾಯಿ ಕಿರಿದಾಗುತ್ತದೆ. ನಕ್ಷೆಯಲ್ಲೇ ತುಸು ಸಡಿಲ ಬಿಡಿ. ಇಲ್ಲವಾದರೆ ಹೊಸ ಬಣ್ಣದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅರ ಹಿಡಿದು ಒಂದೊಂದೇ ತೂತು ಉಜ್ಜುತ್ತ ಕೂರಬೇಕಾಗುತ್ತದೆ.